ಇಂಟರ್ನಲ್ ಮಾರ್ಕ್ಸ್ ಕೊಡುವವರೇ ಆಪ್ತ ಸಮಾಲೋಚಕರಾದರೆ ಹೇಗೆ?

ಮಾನ್ಯ ಸಂಪಾದಕರೇ,

ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ 17 ವರ್ಷದ ಹುಡುಗಿಯ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ಅನ್ವಯವಾಗುವ 15 ಮಾರ್ಗಸೂಚಿಗಳನ್ನು ಕೊಟ್ಟಿತು. ಸರಿಯಾದ ಕಾಯ್ದೆ ಬರುವವರೆಗೆ ಇವನ್ನೇ ಪಾಲಿಸಬೇಕು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವಲ್ಲಿ ತರಬೇತಿ ಪಡೆದ ಆಪ್ತ ಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಒಬ್ಬರಾದರೂ ಇರಬೇಕು. ಅಷ್ಟು ಮಕ್ಕಳಿಲ್ಲದ ಸಂಸ್ಥೆ ಹೊರಗಿನ ತಜ್ಞರ ಜತೆ ಅಧಿಕೃತ ಏರ್ಪಾಡು ಮಾಡಿಕೊಂಡಿರಬೇಕು. ಬೋಧಕರಿಗೂ ಬೋಧಕೇತರ ಸಿಬ್ಬಂದಿಗೂ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಆಗಬೇಕು. ಟೆಲಿ ಮಾನಸ್‌ ಸೇರಿದಂತೆ ಸಹಾಯವಾಣಿಗಳ ಸಂಖ್ಯೆ ಹಾಸ್ಟೆಲ್, ತರಗತಿ, ವೆಬ್‌ಸೈಟ್‌ಗಳಲ್ಲಿ ದೊಡ್ಡ ಅಕ್ಷರದಲ್ಲಿ ಕಾಣಬೇಕು.

ಆದೇಶ ಒಳ್ಳೆಯದೇ. ಆದರೆ ನಮ್ಮ ಪದವಿ ಕಾಲೇಜುಗಳು ಇದನ್ನು ಪಾಲಿಸುವ ರೀತಿ ಸಾಮಾನ್ಯವಾಗಿ ಒಂದೇ. ಪ್ರಾಂಶುಪಾಲರ ಸಹಿಯಿರುವ ಒಂದು ಕಚೇರಿ ಆದೇಶ ಹೊರಡುತ್ತದೆ. ಅದರಲ್ಲಿ ‘ಆಪ್ತ ಸಮಾಲೋಚನಾ ಕೋಶ’ ಎಂದು ಬರೆದು, ಮುಂದೆ ಯಾವುದಾದರೂ ವಿಭಾಗದ ಒಬ್ಬ ಅಧ್ಯಾಪಕರ ಹೆಸರು ಸೇರಿಸುತ್ತಾರೆ. ಅವರು ಈಗಾಗಲೇ ಎನ್‌ಎಸ್‌ಎಸ್ಸೋ ಸ್ಕಾಲರ್‌ಶಿಪ್ಪೋ ಪರೀಕ್ಷಾ ವಿಭಾಗವೋ ನೋಡಿಕೊಳ್ಳುತ್ತಿರುತ್ತಾರೆ. ವರ್ಷಕ್ಕೊಂದು ಉಪನ್ಯಾಸ ಏರ್ಪಡಿಸಿ, ಬ್ಯಾನರ್ ಕಟ್ಟಿ, ಫೋಟೊ ತೆಗೆದು ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ ಫೈಲಿಗೆ ಸೇರಿಸಿದರೆ ಕೋಶ ನಡೆಯುತ್ತಿದೆ ಎಂದೇ ಲೆಕ್ಕ.

ಆ ಅಧ್ಯಾಪಕರನ್ನು ನಾವು ದೂರುತ್ತಿಲ್ಲ. ಅವರಲ್ಲಿ ಅನೇಕರು ಮಕ್ಕಳ ಬಗ್ಗೆ ನಿಜವಾದ ಕಾಳಜಿ ಇರುವವರು, ಕೈಯಿಂದ ಬಸ್ ಚಾರ್ಜ್ ಕೊಡುವವರು. ತೊಂದರೆ ಇರುವುದು ಅವರು ಕೂತಿರುವ ಜಾಗದಲ್ಲಿ. ಇಂಟರ್ನಲ್ ಮಾರ್ಕ್ಸ್ ಹಾಕುವವರು ಅವರು, ಅಟೆಂಡೆನ್ಸ್ ಶಾರ್ಟೇಜ್ ಲಿಸ್ಟ್ ತಯಾರಿಸುವವರು ಅವರು, ಮನೆಗೆ ಫೋನ್ ಮಾಡಿ ‘ನಿಮ್ಮ ಹುಡುಗ ಕ್ಲಾಸಿಗೆ ಬರ್ತಿಲ್ಲ’ ಎನ್ನುವವರೂ ಅವರೇ. ರಾತ್ರಿ ನಿದ್ದೆ ಬರುವುದಿಲ್ಲ, ಓದಿದ್ದು ತಲೆಗೆ ಹತ್ತುವುದಿಲ್ಲ, ಕುಡಿಯುವುದು ಕಲಿತಿದ್ದೇನೆ, ಬಸುರಾಗಿದ್ದೇನೋ ಎಂಬ ಭಯ ಇದೆ ಎಂಬ ಮಾತುಗಳನ್ನು ಯಾವ ವಿದ್ಯಾರ್ಥಿ ತನ್ನ ಅಂಕಪಟ್ಟಿ ಕೈಯಲ್ಲಿರುವವರ ಮುಂದೆ ಹೇಳಿಯಾನು? ಹೇಳಿದರೂ ಅರ್ಧ ಹೇಳಿ, ‘ಏನಿಲ್ಲ ಸರ್, ಸ್ವಲ್ಪ ತಲೆನೋವು’ ಎಂದು ಎದ್ದು ಹೋಗುತ್ತಾನೆ.

ಹಾಗೆಂದು ಅಧ್ಯಾಪಕರಿಗೆ ಇಲ್ಲಿ ಕೆಲಸವಿಲ್ಲ ಎಂದಲ್ಲ. ಗಮನಿಸುವುದು, ಪಕ್ಕಕ್ಕೆ ಕರೆದು ಕೇಳುವುದು, ಸರಿಯಾದವರ ಬಳಿ ಜತೆಗೇ ಕರೆದುಕೊಂಡು ಹೋಗುವುದು ಅವರ ಪಾಲು. ಕೂತು ವಾರಗಟ್ಟಲೆ ಕೇಳಿಸಿಕೊಳ್ಳುವುದು ಅಂಕ, ಹಾಜರಿ, ಶಿಸ್ತು ಯಾವುದರಲ್ಲೂ ಕೈಯಿಲ್ಲದವರ ಪಾಲು. ಈ ಎರಡನ್ನೂ ಒಬ್ಬರ ತಲೆಗೆ ಕಟ್ಟಿದರೆ ಎರಡೂ ಕೆಡುತ್ತವೆ.

ಯಾರನ್ನು ನೇಮಿಸಬೇಕು ಎಂಬುದರಲ್ಲೂ ಗೊಂದಲವಿದೆ. ಸ್ಫೂರ್ತಿಯ ಭಾಷಣ ಮಾಡುವವರು, ಎರಡು ದಿನದ ಆನ್‌ಲೈನ್ ಕೋರ್ಸಿನ ಪ್ರಮಾಣಪತ್ರ ಇಟ್ಟುಕೊಂಡವರು ಆಪ್ತ ಸಮಾಲೋಚಕರಲ್ಲ. ಮನಶ್ಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ., ಇಲ್ಲವೇ ವೈದ್ಯಕೀಯ ಮತ್ತು ಮನೋವೈದ್ಯಕೀಯ ವಿಷಯ ತೆಗೆದುಕೊಂಡ ಎಂ.ಎಸ್.ಡಬ್ಲ್ಯು. ಆಗಿದ್ದು, ಅನುಭವಿಗಳ ಕೈಕೆಳಗೆ ಕೆಲಸ ಮಾಡಿರಬೇಕು. ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಲೇಬೇಕು. ಅದನ್ನು ಕೇಳುವುದು ಅವಮಾನವಲ್ಲ, ಕಾಲೇಜಿನ ಕರ್ತವ್ಯ. ಔಷಧಿ ಬರೆಯುವವರು ವೈದ್ಯರು ಮಾತ್ರ.

ಹಣ ಎಲ್ಲಿಂದ ಎಂಬ ಪ್ರಶ್ನೆ ಬರುತ್ತದೆ. ಒಂದೊಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೂ ಒಬ್ಬೊಬ್ಬರನ್ನು ನೇಮಿಸಲು ಆಗದಿದ್ದರೆ ತಾಲ್ಲೂಕಿನ ನಾಲ್ಕೈದು ಕಾಲೇಜುಗಳು ಸೇರಿ ಒಬ್ಬರನ್ನು ಇಟ್ಟುಕೊಳ್ಳಬಹುದು. ಸೋಮವಾರ ಒಂದು ಕಾಲೇಜು, ಮಂಗಳವಾರ ಇನ್ನೊಂದು. ಆದರೆ ಲೆಕ್ಕ ಬಿಚ್ಚಿ ನೋಡಬೇಕು. ಒಂದು ಭೇಟಿಗೆ 45ರಿಂದ 50 ನಿಮಿಷ, ಅದರ ಟಿಪ್ಪಣಿಗೆ ಹತ್ತು ನಿಮಿಷ ಬೇಕು. ದಿನಕ್ಕೆ ಐದು, ಹೆಚ್ಚೆಂದರೆ ಆರು ಜನ. ಅದಕ್ಕಿಂತ ಹೆಚ್ಚಾದರೆ ಕಿವಿ ಕೇಳುತ್ತದೆ, ಮನಸ್ಸು ಕೇಳುವುದಿಲ್ಲ. ವಾರಕ್ಕೊಂದು ದಿನ ಬಂದರೆ ತಿಂಗಳಿಗೆ ಇಪ್ಪತ್ತು ಭೇಟಿ. ಒಬ್ಬರಿಗೆ ಕನಿಷ್ಠ ನಾಲ್ಕು ಭೇಟಿ ಎಂದರೂ ತಿಂಗಳಿಗೆ ಐದೇ ಮಕ್ಕಳು. ವಿಶ್ವವಿದ್ಯಾಲಯಗಳಿಗೆ ಅಂತರರಾಷ್ಟ್ರೀಯವಾಗಿ ಹೇಳುವ ಪ್ರಮಾಣ 1,000ದಿಂದ 1,500 ವಿದ್ಯಾರ್ಥಿಗಳಿಗೆ ಒಬ್ಬ ಪೂರ್ಣಾವಧಿ ಸಮಾಲೋಚಕರು. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಸಾವಿರ ಮಕ್ಕಳ ಕಾಲೇಜಿಗೆ ವಾರಕ್ಕೊಂದು ದಿನ ಎನ್ನುವುದು ಆರಂಭಕ್ಕೆ ಸರಿ, ಅಲ್ಲಿಗೇ ನಿಲ್ಲಬಾರದು.

ಕೋಣೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕೋಶ ಸೋಲುವುದು ಬಹಳ ಸಲ ಇಲ್ಲಿಯೇ. ಪ್ರಾಂಶುಪಾಲರ ಕೊಠಡಿಯ ಪಕ್ಕದ ರೂಮು ಬೇಡ. ಅಲ್ಲಿಗೆ ಹೋಗುವವರನ್ನು ಇಡೀ ಕಾರಿಡಾರ್ ನೋಡುತ್ತದೆ, ‘ಏನೋ ಮಾಡ್ಕೊಂಡಿದ್ದಾನೆ’ ಎಂದು ಮಾತಾಡುತ್ತದೆ. ಸ್ಟಾಫ್ ರೂಮಿನ ಮೂಲೆಗೆ ಅಡ್ಡ ಕಟ್ಟಿದ ಪ್ಲೈವುಡ್ ಹಲಗೆಯೂ ಬೇಡ, ಮಾತು ಆಚೆ ಕೇಳುತ್ತದೆ. ಗ್ರಂಥಾಲಯದ ಬದಿಯ ರೂಮು ಒಳ್ಳೆಯದು. ಅತ್ತ ಹೋಗುವುದಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಬಾಗಿಲ ಮೇಲೆ ‘ಮಾನಸಿಕ’ ಎಂಬ ಪದ ಬೇಕಿಲ್ಲ, ‘ವಿದ್ಯಾರ್ಥಿ ಸಹಾಯ ಕೊಠಡಿ’ ಎಂದಿದ್ದರೆ ಸಾಕು. ಸ್ಕಾಲರ್‌ಶಿಪ್ ಅರ್ಜಿ, ಬಸ್ ಪಾಸ್ ವಿಚಾರಕ್ಕೂ ಅಲ್ಲಿಗೇ ಬರುವಂತೆ ಮಾಡಿದರೆ ಇನ್ನೂ ಮೇಲು. ಒಳಗೆ ಮೇಜಿನ ಆಚೆ-ಈಚೆ ಎದುರುಬದುರು ಕೂರುವುದು ಬೇಡ, ಅದು ವೈವಾ ಪರೀಕ್ಷೆಯ ಹಾಗೆ ಕಾಣುತ್ತದೆ. ಒಂದೇ ಎತ್ತರದ ಎರಡು ಕುರ್ಚಿ ಸ್ವಲ್ಪ ಓರೆಯಾಗಿರಲಿ, ಬಾಗಿಲಿಗೆ ಹತ್ತಿರದ ಕುರ್ಚಿ ವಿದ್ಯಾರ್ಥಿಗಿರಲಿ. ಕಿಟಕಿಗೆ ಪರದೆ, ಒಂದು ಜಗ್ ನೀರು, ಕಣ್ಣಿಗೆ ಕಾಣುವ ಗಡಿಯಾರ, ಬೀಗವಿರುವ ಬೀರು ಇಷ್ಟಿದ್ದರೆ ಕೆಲಸ ಶುರು ಮಾಡಬಹುದು.

ಬಾಗಿಲಲ್ಲಿ ಹೆಸರು, ತರಗತಿ, ‘ಭೇಟಿಯ ಕಾರಣ’ ಬರೆಸುವ ರಿಜಿಸ್ಟರ್ ಇಟ್ಟರೆ ಯಾರೂ ಬರುವುದಿಲ್ಲ. ಪ್ರತಿಯೊಬ್ಬರಿಗೂ ಒಂದು ಸಂಕೇತ ಸಂಖ್ಯೆ ಕೊಡಬೇಕು. ಹೆಸರು-ಸಂಖ್ಯೆಯ ಪಟ್ಟಿ ಬೇರೆ ಬೀಗದಲ್ಲಿರಬೇಕು. ಪ್ರಾಂಶುಪಾಲರಿಗೆ ತಿಂಗಳ ಕೊನೆಗೆ ಹೋಗುವ ವರದಿಯಲ್ಲಿ ಎಷ್ಟು ಜನ ಬಂದರು, ಎಷ್ಟು ಜನರನ್ನು ಆಸ್ಪತ್ರೆಗೆ ಕಳುಹಿಸಲಾಯಿತು ಎಂಬ ಅಂಕಿ ಮಾತ್ರ ಸಾಕು. ನ್ಯಾಕ್ ತಂಡಕ್ಕೂ ಅಷ್ಟೇ ತೋರಿಸಬೇಕು.

ಇನ್ನು ಹೊತ್ತು. ಹಳ್ಳಿಗಳಿಂದ ಬರುವ ಮಕ್ಕಳಿಗೆ ಸಂಜೆಯ ಬಸ್ಸೇ ಗಡಿಯಾರ. ‘ಕ್ಲಾಸ್ ಮುಗಿದ ಮೇಲೆ ಬನ್ನಿ’ ಎಂದರೆ ಬಸ್ ತಪ್ಪುತ್ತದೆ. ಬಸ್ ತಪ್ಪಿದರೆ ಮನೆಯಲ್ಲಿ ಉತ್ತರ ಕೊಡಬೇಕು, ಹುಡುಗಿಯರಾದರೆ ಕಾಲೇಜೇ ನಿಂತುಹೋದೀತು. ಆದ್ದರಿಂದ ಭೇಟಿಯ ಸಮಯ ವೇಳಾಪಟ್ಟಿಯೊಳಗೇ ಇರಬೇಕು. ಆ ಅವಧಿಗೆ ಹಾಜರಿ ಸಿಗಬೇಕು, ಆದರೆ ಹಾಜರಿ ಕೊಡುವ ಚೀಟಿಯಲ್ಲಿ ಕಾರಣ ಬರೆಯಬಾರದು.

ಮಾತು ಶುರುವಾಗುವುದು ಎಲ್ಲಿಂದ? ‘ಖಿನ್ನತೆ’ ಎಂಬ ಪದ ಪತ್ರಿಕೆಯಲ್ಲಿದೆ, ಪಠ್ಯಪುಸ್ತಕದಲ್ಲಿದೆ, ಮಕ್ಕಳ ಬಾಯಲ್ಲಿ ಇಲ್ಲ. ಅವರು ಹೇಳುವುದು ‘ಬೇಜಾರು’, ‘ಸುಸ್ತು’, ‘ಎದೆ ಡವಡವ’, ‘ತಲೆ ಭಾರ’, ಎಲ್ಲಕ್ಕಿಂತ ಹೆಚ್ಚಾಗಿ ‘ಗ್ಯಾಸ್ಟ್ರಿಕ್’. ತಿಂಗಳುಗಟ್ಟಲೆ ಮೆಡಿಕಲ್ ಶಾಪಿನಿಂದ ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಿರುವ, ಪರೀಕ್ಷೆಗೆ ಮುಂಚೆ ಪ್ರತಿ ಸಲ ಹೊಟ್ಟೆ ಕೆಡುವ, ತಲೆನೋವೆಂದು ಮೂರು ಸಲ ಕಣ್ಣು ಪರೀಕ್ಷೆ ಮಾಡಿಸಿಕೊಂಡ ವಿದ್ಯಾರ್ಥಿಯನ್ನು ಗಮನಿಸಬೇಕು. ಹೊಟ್ಟೆನೋವು ಸುಳ್ಳಲ್ಲ, ದೇಹದ ತೊಂದರೆ ಇದೆಯೇ ಎಂದು ವೈದ್ಯರು ನೋಡಲೇಬೇಕು. ಅದರ ಜತೆಗೆ ನಿದ್ದೆ, ಊಟ, ಆಸಕ್ತಿ, ಗೆಳೆಯರ ಒಡನಾಟ ಎರಡು ವಾರಕ್ಕಿಂತ ಹೆಚ್ಚು ಕಾಲ ಬದಲಾಗಿದ್ದರೆ ಮನಸ್ಸಿನ ಕಡೆಯೂ ಕೇಳಬೇಕು.

ಕೆಲವು ಕಾಲೇಜುಗಳು ಖಿನ್ನತೆಯ ಲಕ್ಷಣ ಅಳೆಯುವ ಪಿಎಚ್‌ಕ್ಯು-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆಯನ್ನು ಗೂಗಲ್ ಫಾರ್ಮ್‌ನಲ್ಲಿ ಇಡೀ ಕಾಲೇಜಿಗೆ ಕಳುಹಿಸುತ್ತವೆ. ಕಳೆದ ಎರಡು ವಾರದಲ್ಲಿ ಹೇಗಿತ್ತು ಎಂದು ಕೇಳಿ, ಒಂದೊಂದಕ್ಕೆ 0ಯಿಂದ 3, ಒಟ್ಟು 27 ಅಂಕ ಕೊಡುವ ಹಾಳೆ ಅದು. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕೂತು ವಿಚಾರಿಸಬೇಕು ಎಂದು ಅರ್ಥ. ಕಾಯಿಲೆ ಇದೆ ಎಂದಲ್ಲ. ಒಂಬತ್ತನೆಯ ಪ್ರಶ್ನೆ ಸಾವಿನ, ಸ್ವಹಾನಿಯ ಯೋಚನೆಯ ಬಗ್ಗೆ. ಅದಕ್ಕೆ ‘ಹೌದು’ ಎಂದ ಉತ್ತರ ಯಾರೂ ತೆರೆದು ನೋಡದ ಎಕ್ಸೆಲ್ ಶೀಟಿನಲ್ಲಿ ಹದಿನೈದು ದಿನ ಬಿದ್ದಿರುವುದು ಅತಿ ದೊಡ್ಡ ತಪ್ಪು. ಅದೇ ದಿನ ಮಾತಾಡಿಸಲು ಜನ ಇಲ್ಲದಿದ್ದರೆ ಆ ಹಾಳೆ ಹಂಚಲೇಬಾರದು. ಎದುರು ಕೂತು ಕೇಳುವಾಗಲೂ ಹಾಳೆಯ ಕನ್ನಡ ಸಾಲದು. ‘ಕೆಲಸಗಳಲ್ಲಿ ಆಸಕ್ತಿ ಅಥವಾ ಆನಂದ ಕಡಿಮೆಯಾಗಿದೆಯೇ’ ಎಂದರೆ ಹುಡುಗ ತಲೆಯಾಡಿಸುತ್ತಾನೆ, ಯಾವ ಕಡೆಗೆ ಎಂದು ಅವನಿಗೇ ಗೊತ್ತಿರುವುದಿಲ್ಲ. ‘ಕ್ರಿಕೆಟ್ ಆಡೋಕೆ ಹೋಗೋದು ಬಿಟ್ಟು ಎಷ್ಟು ದಿನ ಆಯ್ತಪ್ಪಾ? ರೀಲ್ಸ್ ನೋಡಿದ್ರೂ ನಗು ಬರಲ್ವಾ?’ ಎಂದು ಕೇಳಿದರೆ ಉತ್ತರ ಬರುತ್ತದೆ.

ಕೇಳಲು ಅಧ್ಯಾಪಕರು ಹೆದರುವ ಪ್ರಶ್ನೆಯೂ ಅದೇ ಒಂಬತ್ತನೆಯದು. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ. ಹಾಗಾಗುವುದಿಲ್ಲ ಎಂಬುದು ಅಧ್ಯಯನಗಳಿಂದ ಗೊತ್ತಾಗಿದೆ. ಒಬ್ಬರಾದರೂ ನೇರವಾಗಿ ಕೇಳಿದರಲ್ಲ ಎಂದು ಹಗುರಾಗುವವರೇ ಹೆಚ್ಚು. ‘ಇಷ್ಟೆಲ್ಲಾ ಕಷ್ಟ ಆದಾಗ ಬದುಕೋದೇ ಬೇಡ ಅನ್ಸಿದ್ಯಾ?’ ಎಂದು ಮೆಲ್ಲಗೆ, ಕಣ್ಣು ತಪ್ಪಿಸದೆ ಕೇಳಬೇಕು. ಹೌದು ಎಂದರೆ ಬೈಯಬಾರದು, ಅಳಬಾರದು, ‘ನಿಮ್ಮ ಅಪ್ಪ-ಅಮ್ಮನ ಕಥೆ ಏನಾಗಬೇಕು’ ಎನ್ನಬಾರದು. ಅಪ್ಪ-ಅಮ್ಮನ ಮೇಲೆ ಆಣೆ ಹಾಕಿಸಿಕೊಳ್ಳುವ ಅಭ್ಯಾಸವೂ ಇದೆ. ಆಣೆಯಿಂದ ಯೋಚನೆ ಹೋಗುವುದಿಲ್ಲ, ಮುಂದಿನ ಸಲ ಹೇಳುವ ಬಾಯಿ ಕಟ್ಟುತ್ತದೆ, ಅಷ್ಟೆ. ಯಾವಾಗಿನಿಂದ, ಎಷ್ಟು ಸಲ, ಮೊದಲು ಎಂದಾದರೂ ಪ್ರಯತ್ನಿಸಿದ್ದುಂಟೇ, ಈಗ ಏನಾದರೂ ತೀರ್ಮಾನ ಮಾಡಿಕೊಂಡಿದ್ದಾರೆಯೇ ಎಂದು ಕೇಳಿ ತಿಳಿಯಬೇಕು. ತೀರ್ಮಾನದ ಸುಳಿವು ಕಂಡರೆ ಆ ಕ್ಷಣದಿಂದ ವಿದ್ಯಾರ್ಥಿಯನ್ನು ಒಂಟಿಯಾಗಿ ಬಿಡಬಾರದು, ಶೌಚಾಲಯಕ್ಕೂ ಜತೆಗೆ ಹೋಗಬೇಕು. ‘ಇದೊಂದನ್ನು ಗುಟ್ಟಾಗಿ ಇಡೋಕೆ ಆಗಲ್ಲ. ಮನೆಯಲ್ಲಿ ಯಾರಿಗೆ ಹೇಳಿದ್ರೆ ನಿಂಗೆ ಸಮಾಧಾನ?’ ಎಂದು ಕೇಳಿ ಅವರಿಗೇ ಫೋನ್ ಮಾಡಬೇಕು. ಅಪ್ಪನೇ ಆಗಬೇಕೆಂದಿಲ್ಲ, ಅಕ್ಕನೋ ಸೋದರಮಾವನೋ ದೊಡ್ಡಮ್ಮನೋ ಆದೀತು. ಅಂದೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದೊಯ್ಯಬೇಕು, ತುರ್ತಾದರೆ 108. ಮನೆಗೆ ಕಳುಹಿಸುವಾಗ ಹೊಲಕ್ಕೆ ಹೊಡೆಯುವ ಔಷಧಿ, ಮನೆಯಲ್ಲಿರುವ ಮಾತ್ರೆ ಎಲ್ಲವೂ ಬೀಗದೊಳಗೆ ಹೋಗಲಿ, ಬೀಗದ ಕೈ ದೊಡ್ಡವರ ಬಳಿ ಇರಲಿ ಎಂದು ಬಾಯಿಬಿಟ್ಟು ಹೇಳಬೇಕು. ಕಾಲೇಜುಗಳು ಈ ಮಾತನ್ನು ಸಂಕೋಚದಿಂದ ಬಿಟ್ಟುಬಿಡುತ್ತವೆ. ಜೀವ ಉಳಿಸುವ ಮಾತು ಇದೇ.

ಪೊಲೀಸ್ ಕೇಸ್ ಆದೀತು ಎಂದು ಮುಚ್ಚಿಡುವವರು ಈಗಲೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಸೆಕ್ಷನ್ 115ರ ಪ್ರಕಾರ ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಅಂಥ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ ಸೆಕ್ಷನ್ 309 ಕೂಡ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಉಳಿದಿಲ್ಲ. ಅದೇ 2017ರ ಕಾಯ್ದೆಯ ಸೆಕ್ಷನ್ 23 ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕೆನ್ನುತ್ತದೆ, ಜೀವಕ್ಕೆ ಅಪಾಯವಿರುವಾಗ ಅದಕ್ಕೆ ವಿನಾಯಿತಿ ಕೊಡುತ್ತದೆ. ಈ ಗೆರೆಯನ್ನು ಮೊದಲ ಭೇಟಿಯ ಮೊದಲ ಐದು ನಿಮಿಷದಲ್ಲೇ ವಿದ್ಯಾರ್ಥಿಗೆ ತಿಳಿಸಬೇಕು. 18 ತುಂಬದ ಪಿಯು ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ಗೊತ್ತಾದರೆ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಅದನ್ನೂ ಮುಂಚೆಯೇ ಹೇಳಿರಬೇಕು. ನಂಬಿಸಿ ಆಮೇಲೆ ಹೊರಗೆ ಹೇಳಿದರೆ ಆ ಮಗು ಮತ್ತೆ ಯಾರನ್ನೂ ನಂಬುವುದಿಲ್ಲ.

ಆಸ್ಪತ್ರೆಯ ದಾರಿ ನಮ್ಮ ರಾಜ್ಯದಲ್ಲಿ ಇಲ್ಲದ್ದೇನಲ್ಲ. ದೇಶಕ್ಕೆಲ್ಲ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದೇ 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗದಿಂದ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಅದೇ ಬಗೆಯ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇವೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ರೂಪಿಸಲಾಗಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ, ಎಷ್ಟು ಗಂಟೆಗೆ, ಯಾವ ಕೊಠಡಿಗೆ ಎಂದು ಕಾಲೇಜು ಜೂನ್ ತಿಂಗಳಲ್ಲೇ ಹೋಗಿ ಕೇಳಿಕೊಂಡು ಬರೆದಿಟ್ಟುಕೊಳ್ಳಬೇಕು. ‘ಆಸ್ಪತ್ರೆಗೆ ತೋರಿಸಿ’ ಎಂದು ಬಾಯಿಮಾತಲ್ಲಿ ಹೇಳಿ ಕಳುಹಿಸಿದವರು ಹೋಗುವುದು ಅಪರೂಪ. ದಿನ, ಹೊತ್ತು, ವೈದ್ಯರ ಹೆಸರು ಬರೆದ ಚೀಟಿ ಕೊಟ್ಟು, ಮೊದಲ ಸಲ ಒಬ್ಬರು ಜತೆಗೆ ಹೋಗಿ, ಮೂರನೆಯ ದಿನ ‘ಹೋಗಿದ್ಯೇನಮ್ಮಾ?’ ಎಂದು ಕೇಳಿದರೆ ಚಿಕಿತ್ಸೆ ಮುಂದುವರಿಯುತ್ತದೆ.

ಮಾತ್ರೆಯ ಬಗ್ಗೆಯೂ ಮೊದಲೇ ಹೇಳಿ ಕಳುಹಿಸಬೇಕು. ಖಿನ್ನತೆಗೆ ಕೊಡುವ ಮಾತ್ರೆಗಳು ಪರಿಣಾಮ ತೋರಿಸಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಆರು ವಾರ ಬೇಕು. ಹೊಟ್ಟೆ ತೊಳಸುವುದು, ಚಡಪಡಿಕೆ ಮೊದಲ ವಾರದಲ್ಲೇ ಕಾಣಿಸಬಹುದು. ಫಲ ಕಾಣುವ ಮೊದಲೇ ತೊಂದರೆ ಕಂಡು ನಾಲ್ಕನೆಯ ದಿನಕ್ಕೆ ನಿಲ್ಲಿಸುವವರು ಬಹಳ. ಚೆನ್ನಾಗಾಯಿತೆಂದು ಎರಡು ತಿಂಗಳಿಗೆ ತಾವೇ ಬಿಟ್ಟು ಮತ್ತೆ ಬೀಳುವವರು ಇನ್ನಷ್ಟು. ಗುಣ ಕಂಡ ಮೇಲೂ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. 25ರ ಒಳಗಿನವರಲ್ಲಿ ಶುರುವಿನ ಕೆಲವು ವಾರ ಸಾವಿನ ಯೋಚನೆ ಹೆಚ್ಚುತ್ತಿದೆಯೇ ಎಂದು ಮನೆಯವರು, ಹಾಸ್ಟೆಲಿನವರು ಕಣ್ಣಿಟ್ಟಿರಬೇಕು. ‘ನಿದ್ದೆ ಮಾತ್ರೆ, ಚಟ ಹಿಡಿಯುತ್ತದೆ’ ಎಂಬ ಅಂಜಿಕೆ ಮನೆಗಳಲ್ಲಿ ಗಟ್ಟಿಯಾಗಿದೆ. ಖಿನ್ನತೆಗೆ ಇಂದು ಸಾಮಾನ್ಯವಾಗಿ ಬರೆಯುವ ಮಾತ್ರೆಗಳಿಗೆ ಹಾಗೆ ಚಟ ಹಿಡಿಸುವ ಗುಣವಿಲ್ಲ.

ಕೌನ್ಸೆಲಿಂಗ್ ಎಂದರೆ ಬುದ್ಧಿವಾದ ಎಂದು ತಿಳಿದಿರುವ ತಂದೆ-ತಾಯಿಗೆ ‘ನಿಮ್ಮ ಮಗನಿಗೆ ಬುದ್ಧಿ ಹೇಳಿದ್ದೇವೆ’ ಎಂದು ಹೇಳಿ ಕಳುಹಿಸಿದರೆ ಆ ತಪ್ಪು ಇನ್ನೂ ಬೇರೂರುತ್ತದೆ. ದರ್ಗಾಕ್ಕೋ ದೇವಸ್ಥಾನಕ್ಕೋ ಕರೆದೊಯ್ಯುತ್ತೇವೆ ಎಂದರೆ ಜಗಳ ಬೇಡ. ಹೋಗಿಬನ್ನಿ, ಮಾತ್ರೆ ಮಾತ್ರ ತಪ್ಪಿಸಬೇಡಿ ಎಂದರೆ ಕೇಳುತ್ತಾರೆ.

ಕಾಲೇಜೇ ಕೊಡುವ ಪೆಟ್ಟುಗಳೂ ಇವೆ. ಪರೀಕ್ಷೆಗೆ ಹತ್ತು ದಿನವಿರುವಾಗ ನೋಟಿಸ್ ಬೋರ್ಡಿಗೆ ಅಂಟಿಸುವ ಶಾರ್ಟೇಜ್ ಲಿಸ್ಟ್ ನೋಡಿ: ಹೆಸರು, ರಿಜಿಸ್ಟರ್ ನಂಬರ್, ಶೇಕಡಾವಾರು ಹಾಜರಿ, ಕೊನೆಯಲ್ಲಿ ಕೆಂಪು ಶಾಯಿಯ ಗೆರೆ. ಅದರ ಫೋಟೊ ಹತ್ತು ನಿಮಿಷದಲ್ಲಿ ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿರುತ್ತದೆ. ಹಾಜರಿ ಕುಸಿಯುವುದು ಬಹಳ ಸಲ ಕಾಯಿಲೆಯ ಮೊದಲ ಗುರುತು. ಆರನೆಯ ವಾರದಲ್ಲೇ ಒಬ್ಬೊಬ್ಬರನ್ನೇ ಕರೆದು ಕೇಳಿದ್ದರೆ ಹದಿನೈದನೆಯ ವಾರದ ಲಿಸ್ಟ್ ಚಿಕ್ಕದಾಗುತ್ತಿತ್ತು. ಹಳ್ಳಿಯ ಕನ್ನಡ ಮಾಧ್ಯಮದಿಂದ ಬಂದು ಬಿಎಸ್ಸಿ, ಬಿಸಿಎ, ಎಂಜಿನಿಯರಿಂಗ್ ಸೇರಿದ ಮಕ್ಕಳು ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಪಾಠ ಅರ್ಥವಾಗದೆ ಮೌನವಾಗುತ್ತಾರೆ. ಪಿಯುವಿನಲ್ಲಿ ಮೊದಲಿಗರಾಗಿದ್ದವರು ಇಲ್ಲಿ ಮೂರು ಬ್ಯಾಕ್‌ಲಾಗ್ ಎಂದು ಊರಿಗೆ ಹೇಳಲಾರರು. ಇವರಿಗೆ ಮೊದಲು ಬೇಕಿರುವುದು ಕನ್ನಡದಲ್ಲಿ ಬಿಡಿಸಿ ಹೇಳುವ ಹೆಚ್ಚುವರಿ ತರಗತಿ. ಎಲ್ಲವನ್ನೂ ಸಮಾಲೋಚಕರ ಕೋಣೆಗೆ ತಳ್ಳಿ ಕೈತೊಳೆದುಕೊಳ್ಳಬಾರದು.

ತರಬೇತಿ ಎಂದಾಗ ಅಡುಗೆಯವರು, ಸೆಕ್ಯೂರಿಟಿಯವರು, ಲ್ಯಾಬ್ ಅಟೆಂಡರ್‌ಗಳನ್ನು ಮರೆಯದಿರೋಣ. ಎರಡು ದಿನದಿಂದ ಮೆಸ್ಸಿಗೆ ಬಾರದವರು ಯಾರು ಎಂಬುದು ವಾರ್ಡನ್‌ಗಿಂತ ಮೊದಲು ಗೊತ್ತಾಗುವುದು ಬಡಿಸುವವರಿಗೆ. ಅವರಿಗೆ ಎರಡು ಗಂಟೆಯ ತರಬೇತಿ, ಯಾರಿಗೆ ಹೇಳಬೇಕು ಎಂಬ ಒಂದು ಫೋನ್ ನಂಬರ್ ಕೊಡಬೇಕು.

ಕೊನೆಯದಾಗಿ ನಿಮ್ಮಲ್ಲೇ ಒಂದು ಬೇಡಿಕೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ಫಲಿತಾಂಶದ ವಾರಗಳಲ್ಲಿ ಕನ್ನಡ ಪತ್ರಿಕೆಗಳ ಶೀರ್ಷಿಕೆಗಳಲ್ಲಿ ‘ಆತ್ಮಹತ್ಯೆಗೆ ಶರಣು’ ಎಂಬುದು ರೂಢಿಯಾಗಿದೆ. ಶರಣು ಈ ನಾಡು ಕೈಮುಗಿದು ಆಡುವ ಮಾತು. ಅದನ್ನು ಸಾವಿನ ಪಕ್ಕ ಕೂರಿಸಿದರೆ ನೊಂದ ಮಗುವಿಗೆ ಅದೊಂದು ತಲುಪುವ ಜಾಗದಂತೆ ಕಾಣುತ್ತದೆ. ಪ್ರೆಸ್ ಕೌನ್ಸಿಲ್ 2019ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಸೂಚನೆಯಂತೆ ಇಂಥ ಸುದ್ದಿಗೆ ಎದ್ದು ಕಾಣುವ ಜಾಗ ಬೇಡ, ವಿಧಾನದ ವಿವರ ಬೇಡ, ‘ಫೇಲಾಗಿದ್ದಕ್ಕೆ’ ಎಂಬ ಒಂದೇ ಕಾರಣವೂ ಬೇಡ. ಅಂಥ ಪ್ರತಿ ಸುದ್ದಿಯ ಕೆಳಗೆ, ಪಿಯು ಮತ್ತು ಪದವಿ ಫಲಿತಾಂಶ ಬರುವ ದಿನ ಮುಖಪುಟದಲ್ಲಿ, ಈ ನಾಲ್ಕು ಸಾಲು ದಪ್ಪ ಅಕ್ಷರದಲ್ಲಿ ಬರಲಿ ಎಂದು ಕೋರುತ್ತೇವೆ:

‘ಮನಸ್ಸಿಗೆ ತಡೆಯಲಾರದಷ್ಟು ಬೇಜಾರಾಗಿದ್ದರೆ ಟೆಲಿ ಮಾನಸ್‌ಗೆ ಕರೆ ಮಾಡಿ: 14416 ಅಥವಾ 1800-891-4416.
ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಮಾಡಬಹುದು, ಹಣ ಕೊಡಬೇಕಿಲ್ಲ.
ಕನ್ನಡದಲ್ಲೇ ಮಾತಾಡಬಹುದು.
ನಿಮ್ಮ ಗೆಳೆಯರಿಗಾಗಿ ನೀವೂ ಕರೆ ಮಾಡಬಹುದು.’

ಇಂತಿ,
ಪದವಿ ಕಾಲೇಜುಗಳಲ್ಲಿ ಕೆಲಸ ಮಾಡುವ ಆಪ್ತ ಸಮಾಲೋಚಕರು